ಕಪ್ಪೆಯ ಮಿದುಳಿನ ಬುಡದಲ್ಲೊಂದು ಹಿಡಿತ

ಕೇಪ್‌ಟೌನಿನ ಹೊರವಲಯದ ತಗ್ಗು ಬಯಲು. ಜುಲೈ ತಿಂಗಳು. ಅಲ್ಲಿ ಇದು ಚಳಿಗಾಲ, ಮಳೆ ಬರುವುದೂ ಚಳಿಗಾಲದಲ್ಲೇ. ರಾತ್ರಿಯೆಲ್ಲ ಸುರಿದ ಮಳೆಗೆ ತಗ್ಗುಗಳು ತುಂಬಿ ಹೊಂಡಗಳಾಗಿವೆ. ನೀವು ಒಂದು ಹೊಂಡದ ಅಂಚಿನಲ್ಲಿ ಮೊಣಕಾಲೂರಿ ಕುಳಿತಿದ್ದೀರಿ. ನೀರು ಕಂದು, ತಳದ ಕೆಸರು ಕಪ್ಪು. ಎಷ್ಟು ದಿಟ್ಟಿಸಿದರೂ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಕೆಸರಿನದೇ ಒಂದು ತುಣುಕು ತಳ ಬಿಟ್ಟೆದ್ದು ಮೇಲೆ ಬರುತ್ತದೆ, ಮೂತಿ ಹೊರಹಾಕಿ ಒಂದು ಗುಟುಕು ಗಾಳಿ ಎಳೆದುಕೊಂಡು ತಕ್ಷಣ ಕೆಳಗಿಳಿಯುತ್ತದೆ. ಇಳಿದ ಜಾಗವನ್ನು ಗುರುತಿಟ್ಟುಕೊಂಡಿದ್ದರೂ ಅದು ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಅದು ಕ್ಸೆನೋಪಸ್ ಲೇವಿಸ್. ಕೇಪ್ ಸೀಮೆಯ ಜನ ಪ್ಲಟಾನಾ ಎನ್ನುತ್ತಾರೆ. ಬಲೆ ಹಾಕಿ ಹಿಡಿಯಿರಿ, ಒದ್ದೆ ಕೈಯಲ್ಲೇ ಎತ್ತಿಕೊಳ್ಳಿ. ಮೈ ಚಪ್ಪಟೆ, ಹಿಡಿದಷ್ಟೂ ಜಾರುವ ಲೋಳೆ. ಹಿಂಗಾಲಿನ ಒಳಬದಿಯ ಮೂರು ಬೆರಳುಗಳ ತುದಿಯಲ್ಲಿ ಗಿಡ್ಡನೆಯ ಕಪ್ಪು ಉಗುರುಗಳು. ಬಾಯಲ್ಲಿ ನಾಲಿಗೆಯಿಲ್ಲ, ಕಣ್ಣಿಗೆ ರೆಪ್ಪೆಯಿಲ್ಲ. ಪಕ್ಕೆಯುದ್ದಕ್ಕೂ ಹೊಲಿಗೆ ಹಾಕಿದ ಹಾಗೆ ಗೀಟುಗಳು ಸಾಲಾಗಿವೆ. ನೀರು ಅಲುಗಿದ್ದನ್ನು ಅದು ತಿಳಿಯುವುದು ಆ ಗೀಟುಗಳಿಂದ. ಕಣ್ಣುಗಳೆರಡೂ ತಲೆಯ ಮೇಲ್ಭಾಗದಲ್ಲಿ ಆಕಾಶಕ್ಕೆ ಮುಖಮಾಡಿವೆ. ಮೀನು ಹಿಡಿಯುವ ಹಕ್ಕಿಗಳು ಮೇಲಿನಿಂದ ಎರಗುವ ಊರಿನಲ್ಲಿ ಬಾಳುವ ಪ್ರಾಣಿಗೆ ಕಣ್ಣು ಅಲ್ಲೇ ಇರಬೇಕು, ಬೆನ್ನು ಕೆಸರಿನ ಬಣ್ಣದ್ದೇ ಆಗಿರಬೇಕು.

ಈಗ ಅದನ್ನು ಬಿಳಿಯ ಎನಾಮಲ್ ಬೋಗುಣಿಯಲ್ಲಿ, ಬೆಳಕು ಬೀಳುವ ಕಡೆ ಬಿಡಿ. ಮೊದಲಿಗೆ ಬಿಳಿಯ ಮೇಲೆ ಕಪ್ಪು ಪ್ರಾಣಿ, ಕುರುಡನಿಗೂ ಕಾಣುವಷ್ಟು ಸ್ಪಷ್ಟ. ಗಂಟೆಗಳು ಉರುಳಿದಂತೆ ಬೆನ್ನಿನ ಕಪ್ಪು ಕಂದಿಗೆ ತಿರುಗುತ್ತದೆ, ಕಂದು ಬೂದಿಗೆ ಇಳಿಯುತ್ತದೆ. ದಿನಗಟ್ಟಲೆ ಅಲ್ಲೇ ಇಟ್ಟರೆ ಇನ್ನಷ್ಟು ತಿಳಿಯಾಗುತ್ತದೆ. ಚರ್ಮದ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಬಣ್ಣವೆಲ್ಲೂ ಹೋಗಿಲ್ಲ. ಕವಲುಕವಲಾದ ದೊಡ್ಡ ಕೋಶಗಳಿವೆ, ಅವುಗಳೊಳಗೆ ಮೆಲನಿನ್ ಕಣಗಳಿವೆ. ಕಪ್ಪಾಗಿದ್ದಾಗ ಆ ಕಣಗಳು ಕೋಶದ ಕವಲುಗಳ ತುದಿಯವರೆಗೂ ಹರಡಿದ್ದವು. ಈಗ ನಡುವಿನಲ್ಲಿ ಒಂದು ಚುಕ್ಕೆಯಾಗಿ ಒತ್ತಿಕೊಂಡಿವೆ. ಅಷ್ಟೇ ವ್ಯತ್ಯಾಸ.

ಈ ಕಣಗಳನ್ನು ಹರಡು, ಮುದುಡು ಎಂದು ಹೇಳುವವರು ಯಾರು? ಕಣ್ಣು ಕಂಡ ಸುದ್ದಿ ಮಿದುಳಿಗೆ ಹೋಗಿ, ಮಿದುಳಿನಿಂದ ಒಂದು ನರ ಚರ್ಮಕ್ಕೆ ಬಂದು ಆಜ್ಞೆ ಕೊಡುತ್ತದೆ ಎಂದು ಯಾರಾದರೂ ಊಹಿಸಬಹುದು. ಎಷ್ಟೋ ಮೀನುಗಳಲ್ಲಿ ಹಾಗೇ ಇದೆ. ಆದರೆ ಪ್ಲಟಾನಾದ ಈ ಕಪ್ಪು ಕೋಶಗಳಿಗೆ ನರ ಬರುವುದಿಲ್ಲ. ಬರುವುದು ರಕ್ತದಲ್ಲಿ ತೇಲಿ ಬಂದ ಒಂದು ಹಾರ್ಮೋನು. ನರ ಹೋಗುವುದು ಬೇರೊಂದು ಕಡೆಗೆ, ಆ ಹಾರ್ಮೋನು ಸ್ರವಿಸುವ ಗ್ರಂಥಿಯ ಕಡೆಗೆ. ನಾವು ನೋಡಬೇಕಾದದ್ದು ಆ ದಾರಿ. ಬೋಗುಣಿಯ ಮೇಲೆ ಬಗ್ಗಿ, ಪ್ಲಟಾನಾದ ಕಣ್ಣಿನಿಂದಲೇ ಒಳಗೆ ಇಳಿಯೋಣ.

ಮಸೂರ ದಾಟಿದ ಕೂಡಲೇ ನಿಮ್ಮ ಸುತ್ತ ಅಕ್ಷಿಪಟಲ ಬಟ್ಟಲಿನಂತೆ ಬಾಗಿ ನಿಂತಿದೆ. ಮಸೂರ ಎಲ್ಲವನ್ನೂ ತಲೆಕೆಳಗಾಗಿ ಬೀಳಿಸುತ್ತದೆ: ಆಕಾಶದ ಬೆಳಕು ಪಟಲದ ಕೆಳಭಾಗಕ್ಕೆ, ಬೋಗುಣಿಯ ಬಿಳಿ ತಳದಿಂದ ಪುಟಿದ ಬೆಳಕು ಪಟಲದ ಮೇಲ್ಭಾಗಕ್ಕೆ. ಕಪ್ಪು ಕೆಸರಿನ ಮೇಲಿದ್ದಾಗ ಕೆಳಭಾಗ ಮಾತ್ರ ಬೆಳಗುತ್ತಿತ್ತು. ಈಗ ಮೇಲೂ ಕೆಳಗೂ ಬೆಳಗುತ್ತಿದೆ. ಹೊಂಡದ ತಳ ಯಾವ ಬಣ್ಣ ಎಂಬ ಪ್ರಶ್ನೆಗೆ ಪ್ಲಟಾನಾ ಉತ್ತರ ಕಂಡುಕೊಳ್ಳುವುದು ಈ ಎರಡು ಭಾಗಗಳ ಲೆಕ್ಕದಿಂದ. ಕಣ್ಣು ತೆಗೆದ ಪ್ರಾಣಿಗೆ ಈ ಲೆಕ್ಕವೇ ಇಲ್ಲ, ಹಿನ್ನೆಲೆ ಬದಲಾದರೂ ಅದರ ಬಣ್ಣ ಹಿನ್ನೆಲೆಯ ಹಿಂದೆ ಹೋಗುವುದಿಲ್ಲ.

ದೃಷ್ಟಿನರದ ಜೊತೆ ಹಿಂದಕ್ಕೆ ಸಾಗಿ. ಎಡಗಣ್ಣಿನದು ಬಲಕ್ಕೆ, ಬಲಗಣ್ಣಿನದು ಎಡಕ್ಕೆ ದಾಟುವ ಕೂಡುಸ್ಥಳದಲ್ಲಿ ಹೆಚ್ಚಿನ ತಂತುಗಳು ನೋಟದ ಕೆಲಸಕ್ಕೆಂದು ಮೇಲಕ್ಕೆ ಹೋಗುತ್ತವೆ. ಕೆಲವು ಮಾತ್ರ ಅಲ್ಲೇ ಗುಂಪು ಬಿಟ್ಟು, ಕೂಡುಸ್ಥಳದ ನೆತ್ತಿಯ ಮೇಲೇ ಕುಳಿತಿರುವ ಒಂದು ಪುಟ್ಟ ನರಕೋಶಗಳ ಗುಂಪಿಗೆ ಹೋಗಿ ಮುಗಿಯುತ್ತವೆ. ಇದು ಹೈಪೊಥಾಲಮಸ್‌ನ ಸುಪ್ರಾಕಯಾಸ್ಮಾಟಿಕ್ ಕೇಂದ್ರ. ನಮ್ಮ ತಲೆಯಲ್ಲೂ ಇದೇ ಹೆಸರಿನ ಕೇಂದ್ರ ಇದೇ ಜಾಗದಲ್ಲಿದೆ, ಹಗಲು ರಾತ್ರಿಯ ಗಡಿಯಾರ ನಡೆಸುವುದು ಅದೇ. ಕಪ್ಪೆಯಲ್ಲಿ ಇಲ್ಲಿನ ಕೆಲವು ನರಕೋಶಗಳು ಹಿನ್ನೆಲೆಯ ಸುದ್ದಿಯನ್ನು ಮುಂದೆ ಸಾಗಿಸುತ್ತವೆ. ನೆದರ್‌ಲ್ಯಾಂಡ್ಸ್‌ನ ನೈಮೇಗನ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಜೆಂಕ್ಸ್, ಎರಿಕ್ ರೂಬೊಸ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಬೆನ್ನುಹತ್ತಿದ ಕೋಶಗಳಿವು.

ಆ ತಂತುಗಳಲ್ಲೊಂದನ್ನು ಹಿಡಿದು ಕೆಳಕ್ಕಿಳಿಯಿರಿ. ಹೈಪೊಥಾಲಮಸ್‌ನ ತಳ ದಾಟಿದರೆ ಮಿದುಳಿನ ಬುಡಕ್ಕೆ ಅಂಟಿಕೊಂಡ ಪಿಟ್ಯುಟರಿ ಗ್ರಂಥಿ. ಅದರಲ್ಲಿ ಮೂರು ಭಾಗ. ಮುಂದಾಳಾಗಿ ಥೈರಾಯ್ಡ್, ಅಂಡಾಶಯಗಳನ್ನೆಲ್ಲ ನಡೆಸುವ ದೊಡ್ಡ ಹಾಲೆ ಒಂದು. ನರತಂತುಗಳ ತುದಿಗಳೇ ಕಿಕ್ಕಿರಿದ ನರಹಾಲೆ ಇನ್ನೊಂದು. ಇವೆರಡರ ನಡುವೆ ಅಡ್ಡಲಾಗಿ ಒಂದು ತೆಳು ಪಟ್ಟಿ. ಇದೇ ನಡುಹಾಲೆ. ಇಡೀ ಪಟ್ಟಿ ಒಂದೇ ಬಗೆಯ ಸ್ರಾವಕೋಶಗಳಿಂದ ತುಂಬಿದೆ. ಮೆಲನೋಟ್ರೋಪ್ ಎಂದು ಅವುಗಳ ಹೆಸರು. ಅವು ತಯಾರಿಸುವುದು ಆಲ್ಫಾ ಎಂಎಸ್‌ಎಚ್ ಎಂಬ ಹಾರ್ಮೋನು. ಕೇವಲ 13 ಅಮೈನೋ ಆಮ್ಲಗಳ ಚಿಕ್ಕ ಸರ. ಚರ್ಮದ ಕೋಶಗಳಲ್ಲಿ ಮೆಲನಿನ್ ಕಣಗಳನ್ನು ಹರಡುವುದು ಇದೇ.

ಒಳಗೆ ಕಾಲಿಟ್ಟ ಕೂಡಲೇ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಗ್ರಂಥಿ ಎಂದ ಮೇಲೆ ರಕ್ತನಾಳಗಳು ಧಾರಾಳವಾಗಿರಬೇಕು. ದೊಡ್ಡ ಹಾಲೆಯಲ್ಲಿ ಹಾಗೇ ಇದೆ, ಮಿದುಳಿನ ಆಜ್ಞೆಗಳು ಅಲ್ಲಿಗೆ ಬರುವುದೇ ರಕ್ತದ ಮೂಲಕ. ನಡುಹಾಲೆಯಲ್ಲಿ ಲೋಮನಾಳಗಳು ಬಹಳ ವಿರಳ, ಇದ್ದರೂ ನರಹಾಲೆಯ ಕಡೆಯ ಅಂಚಿನಲ್ಲಿ. ಆದರೆ ನರತಂತುಗಳು ಎಲ್ಲೆಲ್ಲೂ. ಕೋಶದ ಸಂದಿ ಸಂದಿಯಲ್ಲಿ ಹೆಣೆದುಕೊಂಡು, ಅಲ್ಲಲ್ಲಿ ಮಣಿಯಂತೆ ಉಬ್ಬಿ, ಪ್ರತಿ ಉಬ್ಬಿನಲ್ಲೂ ಪಕ್ಕದ ಮೆಲನೋಟ್ರೋಪ್‌ಗೆ ಮೈ ತಾಗಿಸಿವೆ. ಒಂದು ನರಕೋಶ ಇನ್ನೊಂದು ನರಕೋಶವನ್ನು ಮುಟ್ಟುವ ರೀತಿಯಲ್ಲೇ ಇಲ್ಲಿ ನರ ಗ್ರಂಥಿಯ ಕೋಶವನ್ನು ಮುಟ್ಟುತ್ತದೆ. ಮಿದುಳು ತನ್ನ ಗ್ರಂಥಿಯನ್ನು ಇಷ್ಟು ನೇರವಾಗಿ, ನಡುವೆ ರಕ್ತದ ದಾರಿಯಿಲ್ಲದೆ ನಡೆಸುವ ಜಾಗಗಳು ಬಹಳ ಇಲ್ಲ. ನಾನು ಈ ಪಟ್ಟಿಗೆ ಇಷ್ಟೊಂದು ಮನಸೋತಿರುವುದು ಅದಕ್ಕೇ. ಇನ್ನೊಂದು ಕಾರಣವೂ ಇದೆ: ಇಲ್ಲಿ ನರ ಏನು ಹೇಳಿತು ಎಂಬುದು ಆಮೇಲೆ ಪ್ರಾಣಿಯ ಬೆನ್ನಿನ ಮೇಲೆ ಬರಿಗಣ್ಣಿಗೆ ಕಾಣುತ್ತದೆ.

ಈ ನರಗಳನ್ನು ಮೊದಲು ಬೆಳಗಿಸಿ ನೋಡಿದ ಕೋಣೆಗೆ ಒಮ್ಮೆ ಹೋಗಿಬರೋಣ. ಸ್ವೀಡನ್ನಿನ ಲುಂಡ್, 1965. ಕಪ್ಪೆ ಬೇರೆ, ಯುರೋಪಿನ ಸಾಮಾನ್ಯ ಕಂದು ಕಪ್ಪೆ ರಾನಾ ಟೆಂಪೊರೇರಿಯಾ. ಆಂಡರ್ಸ್ ಎನೆಮಾರ್ ಮತ್ತು ಬೆಂಗ್ಟ್ ಫಾಲ್ಕ್ ಅದರ ಪಿಟ್ಯುಟರಿಯನ್ನು ಹೆಪ್ಪುಗಟ್ಟಿಸಿ ನೀರಿನಂಶ ಆರಿಸಿದ್ದಾರೆ. ಆಮೇಲೆ ಅದನ್ನು ಬಿಸಿಯಾದ ಫಾರ್ಮಾಲ್ಡಿಹೈಡ್ ಆವಿಯಲ್ಲಿಟ್ಟು, ಮೇಣದಲ್ಲಿ ಕೂರಿಸಿ ತೆಳುವಾಗಿ ಹೆರೆದಿದ್ದಾರೆ. ಫಾಲ್ಕ್ ಮತ್ತು ಅವರ ಸಹೋದ್ಯೋಗಿ ಹಿಲಾರ್ಪ್ ಮೂರು ವರ್ಷಗಳ ಹಿಂದಷ್ಟೇ ಪ್ರಕಟಿಸಿದ ಈ ವಿಧಾನದ ಗುಟ್ಟು ಇಷ್ಟು: ಡೋಪಮೈನ್, ನಾರ್‌ಅಡ್ರಿನಲಿನ್‌ನಂಥ ನರಸಂದೇಶದ ಪದಾರ್ಥಗಳು ಆ ಆವಿಯೊಡನೆ ಸೇರಿದರೆ ತಾವೇ ಹೊಳೆಯುತ್ತವೆ. ದೀಪ ಆರಿಸಿದ ಕೋಣೆ. ನೀಲಿನೇರಳೆ ಕಿರಣ ಗಾಜಿನ ಪಟ್ಟಿಯ ಮೇಲೆ ಬಿದ್ದಿದೆ. ಕಣ್ಣಿಟ್ಟು ನೋಡಿ. ಸ್ರಾವಕೋಶಗಳು ಕತ್ತಲೆಯ ಗುಂಡುಗುಂಡು ಆಕಾರಗಳು. ಅವುಗಳ ಸುತ್ತ ಹಸಿರು. ಸಣ್ಣ ಸಣ್ಣ ಹಸಿರು ಬಿಂದುಗಳು ಸಾಲುಗಟ್ಟಿ ಪ್ರತಿ ಕೋಶದ ಅಂಚಿನಲ್ಲೂ ಓಡಿವೆ. ಅದಕ್ಕೂ ಮೊದಲು ನಡುಹಾಲೆಗೆ ನರ ಬರುತ್ತದೆ ಎಂದು ತಿಳಿದಿತ್ತು, ಆದರೆ ಆ ನರದ ಹೊಟ್ಟೆಯಲ್ಲಿ ಇರುವುದೇನು ಎಂದು ಹೀಗೆ ಕಣ್ಣಿಗೆ ಕಂಡಿರಲಿಲ್ಲ. ಹಸಿರು ಹೊಳಪು ಡೋಪಮೈನ್‌ಗೂ ಅದೇ, ನಾರ್‌ಅಡ್ರಿನಲಿನ್‌ಗೂ ಅದೇ. ಹೆಚ್ಚಿನ ಭಾಗ ಡೋಪಮೈನ್ ಎಂಬುದು ಖಚಿತವಾಗಲು ಇನ್ನೂ ಕೆಲಸ ನಡೆಯಬೇಕಿತ್ತು.

ಪ್ಲಟಾನಾದ ತಲೆಯೊಳಕ್ಕೆ ಮರಳಿ ಬನ್ನಿ. ಬೋಗುಣಿ ಇನ್ನೂ ಬಿಳಿಯದೇ. ನೀವು ಹಿಡಿದು ಬಂದ ತಂತು ಒಂದು ಉಬ್ಬಿನಲ್ಲಿ ಮೆಲನೋಟ್ರೋಪನ್ನು ಮುಟ್ಟಿರುವ ಜಾಗದಲ್ಲಿ ನಿಂತಿದ್ದೀರಿ. 1992ರಲ್ಲಿ ನೈಮೇಗನ್ನಿನ ತಂಡ ಇದೇ ಜಾಗದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ತೆಗೆಯಿತು. ಅಂಗಾಂಶವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಪ್ರತಿ ಪದಾರ್ಥಕ್ಕೂ ತಕ್ಕ ಪ್ರತಿಕಾಯದ ಬೆನ್ನಿಗೆ ಚಿನ್ನದ ಕಣ ಅಂಟಿಸಿ, ಆ ಕಣಗಳು ಎಲ್ಲೆಲ್ಲಿ ಕೂತವು ಎಂದು ಎಣಿಸಿತು. ಒಂದೇ ಉಬ್ಬಿನಲ್ಲಿ ಮೂರು ಪದಾರ್ಥಗಳು ಒಟ್ಟಿಗಿದ್ದವು: ಡೋಪಮೈನ್, ಗಾಬಾ, ನ್ಯೂರೋಪೆಪ್ಟೈಡ್ ವೈ. ತಿಳಿಯಾಗಿ ಕಾಣುವ ಕೋಶಕಗಳಲ್ಲಿ ಗಾಬಾ, ಒಳಗೆ ಕಪ್ಪು ತಿರುಳಿರುವ ಕೋಶಕಗಳಲ್ಲಿ ಡೋಪಮೈನ್ ಮತ್ತು ನ್ಯೂರೋಪೆಪ್ಟೈಡ್ ವೈ ಜೊತೆಜೊತೆಗೆ. ಒಂದು ನರಕೋಶ, ಎರಡು ಬಗೆಯ ಚೀಲ, ಮೂರು ಸಂದೇಶ. ಮತ್ತು ಮೂರೂ ಹೇಳುವುದು ಒಂದೇ ಮಾತು: ತಡೆ.

ಈ ಮಾತನ್ನು ಬೇಗ ದಾಟಿ ಹೋಗಬಾರದು. ನರ ಎಂದರೆ ಎಬ್ಬಿಸುವುದು, ಚುರುಕು ಮುಟ್ಟಿಸುವುದು ಎಂದು ನಾವು ಸಾಮಾನ್ಯವಾಗಿ ಅಂದುಕೊಂಡಿರುತ್ತೇವೆ. ಸ್ನಾಯುವಿಗೆ ಹೋಗುವ ನರ ಕಡಿದರೆ ಸ್ನಾಯು ಸುಮ್ಮನಾಗುತ್ತದೆ. ಇಲ್ಲಿ ಹಾಗಲ್ಲ. ಮೆಲನೋಟ್ರೋಪ್ ತನ್ನಷ್ಟಕ್ಕೆ ತಾನು ಸ್ರವಿಸುವ ಕೋಶ. ಅದರೊಳಗೆ ಕ್ಯಾಲ್ಸಿಯಂ ತಾನಾಗಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೊಂದು ಏರಿಕೆಯೂ ಹಾರ್ಮೋನಿನ ಚೀಲಗಳನ್ನು ಹೊರಗೆ ಸುರಿಯಲು ಹೇಳುತ್ತದೆ. ನರ ಮಾಡುವುದು ಆ ಏರಿಳಿತವನ್ನು ಅದುಮುವುದು. ಹಾಲು ಕರೆಯುವಾಗ ಕೆಚ್ಚಲಿಗೆ ನುಗ್ಗುವ ಕರುವಿನ ಹಗ್ಗವನ್ನು ಬಿಗಿಹಿಡಿದು ನಿಂತವರ ಕೆಲಸ ಅದು, ಒಂದು ಗಳಿಗೆ ಸಡಿಲಿಸಿದರೂ ಕರು ಓಡುತ್ತದೆ. ಬೋಗುಣಿಯಲ್ಲಿ ಬೆಳ್ಳಗೆ, ಏನೂ ನಡೆಯುತ್ತಿಲ್ಲವೆಂಬಂತೆ ಕುಳಿತಿರುವ ಕಪ್ಪೆಯ ತಲೆಯೊಳಗೆ ಈ ಬಿಗಿಹಿಡಿತ ಹಗಲೂ ರಾತ್ರಿಯೂ ನಡೆದಿದೆ. ಅದರ ಬಿಳುಪು ವಿಶ್ರಾಂತಿಯಲ್ಲ.

ಸುತ್ತ ನೋಡಿದರೆ ಅದರ ಗುರುತುಗಳಿವೆ. ಬಿಳಿ ಹಿನ್ನೆಲೆಗೆ ಹೊಂದಿಕೊಂಡ ಪ್ರಾಣಿಯಲ್ಲಿ ನರ ಮತ್ತು ಸ್ರಾವಕೋಶ ಮುಟ್ಟಿಕೊಂಡಿರುವ ಸಂಧಿಗಳು ಹಿರಿದಾಗಿರುತ್ತವೆ. ಮೆಲನೋಟ್ರೋಪ್‌ಗಳು ಮಾತ್ರ ಕುಗ್ಗಿವೆ, ಪ್ರೋಟೀನು ಹೆಣೆಯುವ ಪೊರೆಗಳು ಅವುಗಳಲ್ಲಿ ಕಡಿಮೆ. ಆದರೆ ಅವುಗಳ ಒಡಲ ತುಂಬ ಹಾರ್ಮೋನಿನ ಚೀಲಗಳು ಒತ್ತೊತ್ತಾಗಿ ತುಂಬಿವೆ. ಬೆಳ್ಳಗಿರುವ ಕಪ್ಪೆಯ ಗ್ರಂಥಿಯಲ್ಲೇ ಕಪ್ಪಾಗಿಸುವ ಹಾರ್ಮೋನಿನ ದಾಸ್ತಾನು ಹೆಚ್ಚು. ಹೊರಗೆ ಹೋಗಲು ಬಿಡದಿದ್ದರೆ ಉಳಿಯುವುದು ಹಾಗೇ ತಾನೆ.

ಹಿಡಿತವೇ ಮುಖ್ಯ, ಪ್ರಚೋದನೆಯಲ್ಲ ಎಂದು ಜನ ಹೇಗೆ ಕಂಡುಕೊಂಡರು ಎಂಬುದಕ್ಕೆ ಐವತ್ತು ವರ್ಷಗಳ ಕಥೆಯಿದೆ, ಅದರಲ್ಲಿ ನನಗೆ ಮುಖ್ಯವೆನಿಸಿದ್ದನ್ನಷ್ಟೇ ಹೇಳುತ್ತೇನೆ. 1916ರಲ್ಲಿ ಅಮೆರಿಕದಲ್ಲಿ ಫಿಲಿಪ್ ಸ್ಮಿತ್ ಮತ್ತು ಬೆನೆಟ್ ಆಲೆನ್ ಪರಸ್ಪರ ಸಂಬಂಧವಿಲ್ಲದೆ ಒಂದೇ ಪ್ರಯೋಗ ಮಾಡಿದರು. ಕಪ್ಪೆಯ ಭ್ರೂಣದಿಂದ ಪಿಟ್ಯುಟರಿ ಆಗಲಿರುವ ಪುಟ್ಟ ಮೊಗ್ಗನ್ನು ಕಿತ್ತು ತೆಗೆದರು. ಗೊದಮೊಟ್ಟೆಗಳು ಬದುಕಿದವು, ಆದರೆ ಬೆಳ್ಳಿಯ ಬಣ್ಣಕ್ಕೆ ತಿರುಗಿದವು. ಗ್ರಂಥಿಯೇ ಇಲ್ಲದಿದ್ದರೆ ಕಪ್ಪಿಲ್ಲ, ಇಷ್ಟು ಸ್ಪಷ್ಟವಾಯಿತು. ಬ್ರಿಟನ್ನಿನ ಲ್ಯಾನ್ಸ್‌ಲಾಟ್ ಹಾಗ್ಬೆನ್ ಬೆಳೆದ ಕಪ್ಪೆಗಳಲ್ಲಿ ಇದನ್ನೇ ತೋರಿಸಿ, 1927ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯಕ್ಕೆ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದ. ನಾವು ಈಗ ಕುಳಿತಂಥ ಹೊಂಡಗಳ ಪ್ಲಟಾನಾ ಅವನ ಕೈಗೆ ಸಿಕ್ಕಿದ್ದು ಆಗ. ಬಿಳಿ ತೊಟ್ಟಿ, ಕಪ್ಪು ತೊಟ್ಟಿಗಳಲ್ಲಿ ಅದರ ಬಣ್ಣ ಬದಲಾಗುವುದನ್ನು ಅವನು, ಅವನ ಸಂಗಡಿಗರು ಅಳೆದರು. ಚರ್ಮದ ಬಣ್ಣವನ್ನು ಅಷ್ಟು ಪ್ರೀತಿಯಿಂದ ಓದಿದ ಆ ಮನುಷ್ಯ ಮನುಷ್ಯರ ಚರ್ಮದ ಬಣ್ಣ ನೋಡಿ ಬೇಲಿ ಹಾಕುವ ಆ ದೇಶದಲ್ಲಿ ನಿಲ್ಲಲಾರದೆ 1930ರಲ್ಲಿ ಲಂಡನ್ನಿಗೆ ಹೊರಟುಹೋದ.

ತಿರುವು ಬಂದದ್ದು 1941ರಲ್ಲಿ. ವಿಲಿಯಂ ಎಟ್ಕಿನ್ ಗೊದಮೊಟ್ಟೆಯ ಪಿಟ್ಯುಟರಿಯನ್ನು ಮಿದುಳಿನ ಸಂಪರ್ಕದಿಂದ ಬಿಡಿಸಿ ನೋಡಿದ. ಪಿಟ್ಯುಟರಿಯನ್ನು ಮಿದುಳು ಎಬ್ಬಿಸುವುದಾದರೆ ಪ್ರಾಣಿ ಬೆಳ್ಳಗಾಗಬೇಕಿತ್ತು. ಆಗಿದ್ದು ತದ್ವಿರುದ್ಧ. ಹೈಪೊಥಾಲಮಸ್‌ನಿಂದ ಬೇರೆಯಾದ ಗ್ರಂಥಿಯ ನಡುಹಾಲೆ ಉಬ್ಬಿತು, ಪ್ರಾಣಿ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಆ ಕಪ್ಪು ಗೊದಮೊಟ್ಟೆಯನ್ನು ಬಿಳಿ ತಟ್ಟೆಯಲ್ಲಿ ಕಲ್ಪಿಸಿಕೊಳ್ಳಿ. ಕಣ್ಣು ಬಿಳಿಯನ್ನು ಕಾಣುತ್ತಿದೆ, ಸುದ್ದಿ ಹೈಪೊಥಾಲಮಸ್‌ವರೆಗೂ ಬರುತ್ತಿದೆ, ಅಲ್ಲಿಂದ ಮುಂದೆ ಹಿಡಿಯುವ ಕೈಯಿಲ್ಲ. ಗ್ರಂಥಿ ಕೇಳುವವರಿಲ್ಲದೆ ಸುರಿಯುತ್ತಿದೆ.

ಈಗ ಬೋಗುಣಿಯ ಪ್ಲಟಾನಾವನ್ನು ಎತ್ತಿ ಕಪ್ಪು ಬಕೆಟ್ಟಿಗೆ ಹಾಕಿ. ನೀವು ಒಳಗೇ ಇರಿ, ಅದೇ ಸಂಧಿಯ ಪಕ್ಕದಲ್ಲಿ.

ಅಕ್ಷಿಪಟಲದ ಮೇಲ್ಭಾಗ ಕತ್ತಲಾಗುತ್ತದೆ. ಸುಪ್ರಾಕಯಾಸ್ಮಾಟಿಕ್ ಕೇಂದ್ರದಿಂದ ಬರುತ್ತಿದ್ದ ಮಿಡಿತಗಳು ತೆಳುವಾಗುತ್ತವೆ. ನಿಮ್ಮ ಕಣ್ಣೆದುರೇ ಉಬ್ಬಿನಿಂದ ಮೂರು ಪದಾರ್ಥಗಳ ಸುರಿತ ನಿಲ್ಲುತ್ತದೆ. ಪಕ್ಕದ ಮೆಲನೋಟ್ರೋಪ್‌ನಲ್ಲಿ ಕ್ಯಾಲ್ಸಿಯಂ ಒಮ್ಮೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಅದಕ್ಕೊಂದು ಲಯ ಸಿಗುತ್ತದೆ. ಇಷ್ಟು ದಿನ ಒತ್ತಿಕೊಂಡಿದ್ದ ಚೀಲಗಳು ಪೊರೆಗೆ ಬಂದು ಬಾಯಿ ಬಿಡುತ್ತವೆ. ಹೊರಡುವ ಹೊತ್ತಿಗೆ ಹಾರ್ಮೋನಿನ ತುದಿಗೆ ಒಂದು ಅಸಿಟೈಲ್ ಗುಂಪು ಸೇರಿಕೊಳ್ಳುತ್ತದೆ, ಅದರಿಂದ ಅದರ ಬಲ ಹೆಚ್ಚುತ್ತದೆ. ದಾಸ್ತಾನು ಖರ್ಚಾದಂತೆ ಕೋಶ ಹೊಸದನ್ನು ಹೆಣೆಯಲು ತೊಡಗುತ್ತದೆ. ಹಾರ್ಮೋನಿನ ಮೂಲ ಪ್ರೋಟೀನಾದ ಪಿಒಎಂಸಿಯ ವಂಶವಾಹಿ ಹಲವು ಪಟ್ಟು ಜೋರಾಗಿ ಕೆಲಸ ಮಾಡುತ್ತದೆ, ಪ್ರೋಟೀನು ಹೆಣೆಯುವ ಪೊರೆಗಳು ಪದರಪದರವಾಗಿ ಬೆಳೆಯುತ್ತವೆ, ದಿನಗಳು ಕಳೆದಂತೆ ಕೋಶದ ಗಾತ್ರವೇ ಹಿರಿದಾಗುತ್ತದೆ.

ಹಿಡಿತ ಬಿಟ್ಟದ್ದೇ ಎಲ್ಲವೂ ಅಲ್ಲ, ಹಿಂದಿನಿಂದ ತಳ್ಳುವ ಕೈಗಳೂ ಇವೆ. ಹೈಪೊಥಾಲಮಸ್‌ನ ಇನ್ನೊಂದು ಕೇಂದ್ರದ ದೊಡ್ಡ ನರಕೋಶಗಳು ತಮ್ಮ ತಂತುಗಳನ್ನು ಪಕ್ಕದ ನರಹಾಲೆಗೆ ಕಳಿಸಿವೆ. ಅಲ್ಲಿ ಅವು ಬಿಡುವ ಟಿಆರ್‌ಎಚ್ ಮತ್ತು ಸಿಆರ್‌ಎಚ್ ಎಂಬ ಹಾರ್ಮೋನುಗಳು ಇತ್ತ ಸೋರಿ ಬಂದು ಮೆಲನೋಟ್ರೋಪ್‌ಗಳನ್ನು ಚುರುಕುಗೊಳಿಸುತ್ತವೆ. ಟಿಆರ್‌ಎಚ್ ಎಂದರೆ ನಮ್ಮಲ್ಲಿ ಥೈರಾಯ್ಡ್ ಕಡೆಯ ಹಾರ್ಮೋನು. ಅದು ಕಪ್ಪೆಯ ನಡುಹಾಲೆಯನ್ನು ಕೆರಳಿಸುತ್ತದೆ ಎಂದು ಫ್ರಾನ್ಸಿನ ರೂಆಂ ನಗರದಲ್ಲಿ ಹ್ಯೂಬರ್ಟ್ ವೊದ್ರಿ ಅವರ ತಂಡ ತೋರಿಸಿತು. ಮಿದುಳಿನ ಕಾಂಡದಿಂದ ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಹೊತ್ತ ತಂತುಗಳೂ ಈ ಕಡೆಗೆ ಬರುತ್ತವೆ. ಇಷ್ಟು ಚಿಕ್ಕ ಪಟ್ಟಿಗೆ ಮಿದುಳಿನ ಇಷ್ಟೊಂದು ಮೂಲೆಗಳಿಂದ ನರ ಬರುವುದು ನನ್ನನ್ನು ಪ್ರತಿಸಲವೂ ಬೆರಗಾಗಿಸುತ್ತದೆ. ಒಂದೇ ಬಗೆಯ ಕೋಶ, ಒಂದೇ ಮುಖ್ಯ ಕೆಲಸ, ಆದರೂ ಅದನ್ನು ಇಷ್ಟು ಮಂದಿ ವಿಚಾರಿಸಿಕೊಳ್ಳುತ್ತಾರೆ.

ರಕ್ತದಲ್ಲಿ ತೇಲಿದ ಹಾರ್ಮೋನು ಚರ್ಮ ತಲುಪಿ ಕಪ್ಪು ಕೋಶದ ಗ್ರಾಹಕಕ್ಕೆ ಕೂಡಿಕೊಳ್ಳುತ್ತದೆ. ಒಳಗೆ ಮೋಟಾರು ಪ್ರೋಟೀನುಗಳು ಮೆಲನಿನ್ ಕಣಗಳನ್ನು ಹೊತ್ತು ಕೋಶದ ಹಳಿಗಳ ಮೇಲೆ ತುದಿಯ ಕಡೆಗೆ ಹೊರಡುತ್ತವೆ. ಮೇಲಿನಿಂದ ನೋಡುವವರಿಗೆ ಬಕೆಟ್ಟಿನಲ್ಲಿ ಕಪ್ಪೆ ಕಾಣದಂತಾಗುತ್ತದೆ.

ಇನ್ನೊಂದು ನೋಟ ಬಾಕಿಯಿದೆ. ಪ್ರಯೋಗಶಾಲೆಯ ಮೇಜು. ಪ್ಲಟಾನಾದ ಬಾಯಿಯ ಅಂಗುಳಿನ ಮೂಳೆ ಬಿಡಿಸಿ ಹೊರತೆಗೆದ ನಡುಹಾಲೆ ಮತ್ತು ನರಹಾಲೆ, ಸುಮಾರು ಒಂದು ಮಿಲಿಮೀಟರಿನ ಬಿಳಿ ಚೂರು, ಒಂದು ಸಣ್ಣ ಗಾಜಿನ ಕೋಣೆಯಲ್ಲಿದೆ. ಲವಣದ್ರಾವಣ ಒಂದು ಕಡೆಯಿಂದ ಹರಿದು ಇನ್ನೊಂದು ಕಡೆಯಿಂದ ತೊಟ್ಟಿಕ್ಕುತ್ತಿದೆ. ತೊಟ್ಟಿಕ್ಕಿದ್ದನ್ನು ನೀವು ಒಂದಾದ ಮೇಲೊಂದು ನಳಿಕೆಗಳಲ್ಲಿ ಹಿಡಿಯುತ್ತಿದ್ದೀರಿ. ಕಣ್ಣಿಲ್ಲ, ಮಿದುಳಿಲ್ಲ, ಬರುವ ನರವೆಲ್ಲ ಕಡಿದಿದೆ. ಮೊದಲ ನಳಿಕೆಯಿಂದಲೇ ಹಾರ್ಮೋನು ಬರುತ್ತಿದೆ, ನಿಲ್ಲದೆ ಬರುತ್ತಿದೆ. ದ್ರಾವಣಕ್ಕೆ ಡೋಪಮೈನ್ ಬೆರೆಸಿ. ಮುಂದಿನ ನಳಿಕೆಗಳಲ್ಲಿ ಹಾರ್ಮೋನು ಇಳಿಯುತ್ತದೆ. ಡೋಪಮೈನ್ ನಿಲ್ಲಿಸಿ ಬರಿಯ ದ್ರಾವಣ ಹರಿಸಿ, ಮತ್ತೆ ಏರುತ್ತದೆ. ಗಾಬಾ ಹಾಕಿದರೂ ಇಳಿತ, ನ್ಯೂರೋಪೆಪ್ಟೈಡ್ ವೈ ಹಾಕಿದರೂ ಇಳಿತ. ಡೋಪಮೈನ್‌ನ ಗ್ರಾಹಕವನ್ನು ಮುಚ್ಚುವ ಔಷಧವನ್ನು ಮೊದಲೇ ಹರಿಸಿದ್ದರೆ ಡೋಪಮೈನ್ ಬಂದರೂ ಸ್ರಾವ ನಿಲ್ಲುವುದಿಲ್ಲ.

ಈ ಕೊನೆಯ ಫಲಿತಾಂಶ ಕಪ್ಪೆಗೆ ಮಾತ್ರ ಸೇರಿದ್ದಲ್ಲ. ಮನುಷ್ಯರಲ್ಲಿ ನಡುಹಾಲೆ ಬೆಳೆದ ಮೇಲೆ ಹೆಸರಿಗಷ್ಟೇ ಉಳಿದಿರುತ್ತದೆ. ಆದರೆ ನಮ್ಮ ಪಿಟ್ಯುಟರಿಯಲ್ಲಿ ಹಾಲೂಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ತಯಾರಿಸುವ ಕೋಶಗಳೂ ಹೀಗೇ ತಾವಾಗಿ ಸ್ರವಿಸುತ್ತವೆ, ಅವನ್ನು ಹಿಡಿದಿಟ್ಟಿರುವುದೂ ಹೈಪೊಥಾಲಮಸ್‌ನ ಡೋಪಮೈನ್, ಅಲ್ಲಿ ನರದ ಬದಲು ರಕ್ತದ ಮೂಲಕ. ಪಿಟ್ಯುಟರಿಯನ್ನು ಮಿದುಳಿಗೆ ಜೋಡಿಸುವ ತೊಟ್ಟಿಗೆ ಪೆಟ್ಟಾದರೆ ಉಳಿದ ಹಾರ್ಮೋನುಗಳು ಕುಸಿಯುತ್ತವೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಗಳು ಡೋಪಮೈನ್‌ನ ಅದೇ ಗ್ರಾಹಕವನ್ನು ಮುಚ್ಚುವುದರಿಂದ, ಅವನ್ನು ತೆಗೆದುಕೊಳ್ಳುವ ಕೆಲವರಿಗೆ ಹೆರಿಗೆಯೇ ಆಗದೆ ಎದೆಯಲ್ಲಿ ಹಾಲು ಬರುತ್ತದೆ. ಹಾಗಾದಾಗ ಹೆದರಿ ಔಷಧವನ್ನು ತಾವೇ ಬಿಡುವ ಬದಲು ವೈದ್ಯರಿಗೆ ಹೇಳಬೇಕು. ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಎಷ್ಟಿದೆ ಎಂದು ತಿಳಿಯುತ್ತದೆ, ಪ್ರಮಾಣ ಬದಲಿಸುವ ಅಥವಾ ಬೇರೆ ಔಷಧ ಕೊಡುವ ದಾರಿ ಅವರಲ್ಲಿದೆ.